ಅಂಕಪಟ್ಟಿಯಲ್ಲಿ ಕಾಣದ ಮಗು



ದ್ವಿತೀಯ ಪಿಯುಸಿ ಫಲಿತಾಂಶವೂ ಅದರ ಬೆನ್ನಿಗೆ ಸಿಇಟಿ, ನೀಟ್, ಜೆಇಇಗಳ ರ‍್ಯಾಂಕುಗಳೂ ಪ್ರಕಟವಾಗುವ ಬೇಸಿಗೆಯ ದಿನಗಳಲ್ಲಿ ನಮ್ಮ ಮನೆಗಳ ಮಾತುಕತೆಯ ಧಾಟಿಯೇ ಬದಲಾಗಿಬಿಡುತ್ತದೆ. ಮದುವೆಯ ಮಂಟಪವಿರಲಿ, ಗೃಹಪ್ರವೇಶದ ಊಟದ ಪಂಕ್ತಿಯಿರಲಿ, ಕುಶಲ ಪ್ರಶ್ನೆಗಿಂತ ಮೊದಲು ಬರುವ ಮಾತು "ಮಗನಿಗೆ ಎಷ್ಟು ಬಂತು? ಮಗಳ ರ‍್ಯಾಂಕ್ ಎಷ್ಟು?" ಎಂಬುದೇ. ಉತ್ತರ ಹೇಳಲು ಉತ್ಸಾಹವಿರುವ ತಂದೆ-ತಾಯಿಗಳು ಎದೆಯುಬ್ಬಿಸಿ ಹೇಳುತ್ತಾರೆ. ಉಳಿದವರು ಮಾತು ಮರೆಸುತ್ತಾರೆ. ಅವರ ಪಕ್ಕದಲ್ಲಿ ತಲೆತಗ್ಗಿಸಿ ಕುಳಿತ ಮಗುವಿನ ಮನಸ್ಸಿನಲ್ಲಿ ಆ ಕ್ಷಣ ಏನು ನಡೆಯುತ್ತದೆಂಬುದನ್ನು ಕೇಳುವವರು ವಿರಳ.

ಮಕ್ಕಳು ಚೆನ್ನಾಗಿ ಓದಲಿ, ಒಳ್ಳೆಯ ಸ್ಥಾನಕ್ಕೇರಲಿ ಎಂದು ಹಂಬಲಿಸುವುದು ತಪ್ಪಲ್ಲ. ಒಂದು ತಲೆಮಾರಿನ ಹಿಂದೆ ಮನೆಯಲ್ಲಿ ಒಬ್ಬರು ಪದವಿ ಪಡೆದರೆ ಇಡೀ ಊರೇ ಸಂಭ್ರಮಿಸುತ್ತಿತ್ತು. ಹೊಲ ಅಡವಿಟ್ಟು ಮಕ್ಕಳನ್ನು ಧಾರವಾಡ, ದಾವಣಗೆರೆ, ಬೆಂಗಳೂರುಗಳಿಗೆ ಕಳುಹಿಸಿದ ಹಿರಿಯರ ತ್ಯಾಗವೇ ಇಂದಿನ ಅನೇಕ ಕುಟುಂಬಗಳ ನೆಲೆಗಟ್ಟು. ಆ ಋಣದ ಅರಿವಿನಿಂದಲೇ ನಮ್ಮ ನಿರೀಕ್ಷೆಗಳು ಹುಟ್ಟಿವೆ. ಆದರೆ ಆ ನಿರೀಕ್ಷೆಯನ್ನು ಹೊರಬೇಕಾದ ಮಗು ಯಾವ ಬಗೆಯಲ್ಲಿ ಕಲಿಯುತ್ತದೆ ಎಂಬುದನ್ನು ತಿಳಿಯದೆಯೇ ಹೊರಿಸುವುದು ಸರಿಯೇ? ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವ ವಿಚಾರ ಇದು.

ಪ್ರವೇಶ ಪರೀಕ್ಷೆಯ ಅಂಕ ಏನನ್ನು ಅಳೆಯುತ್ತದೆ? ಜ್ಞಾನವನ್ನು ಎಂದು ನಾವು ಥಟ್ಟನೆ ಹೇಳುತ್ತೇವೆ. ಅದು ಅರ್ಧ ಸತ್ಯ ಮಾತ್ರ. 2025ರ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷಗಳಿದ್ದವು. ಎಂದರೆ ಪ್ರಶ್ನೆಯೊಂದಕ್ಕೆ ಒಂದು ನಿಮಿಷ. ಪ್ರಶ್ನೆಯನ್ನು ಓದುವುದು, ನಾಲ್ಕು ಆಯ್ಕೆಗಳನ್ನು ತೂಗುವುದು, ಲೆಕ್ಕ ಮಾಡುವುದು, ಸರಿಯಾದ ವೃತ್ತವನ್ನು ತುಂಬುವುದು ಎಲ್ಲವೂ ಅದರೊಳಗೇ ಆಗಬೇಕು. ನಮ್ಮ ರಾಜ್ಯದ ಸಿಇಟಿಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆ, 80 ನಿಮಿಷ. ಅಲ್ಲಿಯೂ ಪ್ರಶ್ನೆಯೊಂದಕ್ಕೆ ದೊರೆಯುವುದು 80 ಸೆಕೆಂಡು ಮಾತ್ರ.

ಈಗ ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳೋಣ. ಇಬ್ಬರಿಗೂ ವಿಷಯ ಸಮಾನವಾಗಿ ಗೊತ್ತು. ಪ್ರಶ್ನೆಯನ್ನು ಓದಿಕೊಳ್ಳಲು ಒಬ್ಬನಿಗೆ ಅರ್ಧ ನಿಮಿಷ, ಬಿಡಿಸಲು ಅರ್ಧ ನಿಮಿಷ ಸಾಕು. ಇನ್ನೊಬ್ಬನಿಗೆ ಬಿಡಿಸಲು ಬೇಕಾದದ್ದು ಅಷ್ಟೇ ಅರ್ಧ ನಿಮಿಷ, ಆದರೆ ಓದಿಕೊಳ್ಳಲು ಮಾತ್ರ ಒಂದು ನಿಮಿಷ ಬೇಕು. ಮೊದಲನೆಯವನು 180 ಪ್ರಶ್ನೆಗಳನ್ನೂ ಮುಟ್ಟುತ್ತಾನೆ. ಎರಡನೆಯವನು 120ಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅವನು ಕಣ್ಣಿನಿಂದಲೂ ನೋಡದ 60 ಪ್ರಶ್ನೆಗಳ ಬೆಲೆ, ನಾಲ್ಕು ಅಂಕಗಳಂತೆ, 240 ಅಂಕಗಳು. ಮನೆಗೆ ಬಂದ ಅಂಕಪಟ್ಟಿ ಇದಾವುದನ್ನೂ ಹೇಳುವುದಿಲ್ಲ. ಅದು ಹೇಳುವುದು ಇಷ್ಟೇ: ಇವನು ಹಿಂದೆ ಬಿದ್ದಿದ್ದಾನೆ. ನಾವು ಅದಕ್ಕೆ ನಮ್ಮ ಕಡೆಯಿಂದ ಇನ್ನೊಂದು ಮಾತು ಸೇರಿಸುತ್ತೇವೆ: ಇವನು ಸೋಮಾರಿ.

ಈ ಎರಡನೆಯ ವಿದ್ಯಾರ್ಥಿ ಬರಿಯ ಕಲ್ಪನೆಯಲ್ಲ. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಬಾಲಕನೊಬ್ಬನ ವಿಷಯವನ್ನು ಬರೆದಿದ್ದರು. ಅವನ ಕಣ್ಣು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು, ಅಂಕಿಗಳ ಲೆಕ್ಕವನ್ನು ಸಲೀಸಾಗಿ ಮಾಡುತ್ತಿದ್ದ. ಅಕ್ಷರಗಳಿಂದಾದ ಪದಗಳನ್ನು ಓದಲು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾಗುತ್ತಿದ್ದನೆಂದು ಅವನ ಗುರುಗಳು ಅಭಿಪ್ರಾಯಪಟ್ಟಿದ್ದರಂತೆ. ಓದಿನ ಈ ತೊಡಕನ್ನು ಇಂದು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಬರವಣಿಗೆಯಲ್ಲಿ ತೋರುವ ತೊಡಕು ಡಿಸ್ಗ್ರಾಫಿಯಾ, ಸಂಖ್ಯೆ ಮತ್ತು ಲೆಕ್ಕಗಳಲ್ಲಿ ತೋರುವುದು ಡಿಸ್ಕ್ಯಾಲ್ಕುಲಿಯಾ. ಇವೆಲ್ಲವನ್ನೂ ಒಳಗೊಂಡ ಕಲಿಕಾ ನ್ಯೂನತೆ ಎಂಬ ಹೆಸರನ್ನು 1963ರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಯಾಮ್ಯುಯೆಲ್ ಕರ್ಕ್ ಬಳಕೆಗೆ ತಂದರು. ಇದು ಬುದ್ಧಿಮಾಂದ್ಯವಲ್ಲ, ಸೋಮಾರಿತನವಲ್ಲ, ತಾಯಿಯ ಮುದ್ದಿನ ಫಲವೂ ಅಲ್ಲ. ಅಕ್ಷರ ಮತ್ತು ಧ್ವನಿಗಳ ಸಂಬಂಧವನ್ನು ಮಿದುಳು ಸಂಸ್ಕರಿಸುವ ರೀತಿಯಲ್ಲಿಯೇ ಇರುವ, ಎಷ್ಟೋ ಸಲ ವಂಶದಲ್ಲಿ ಹರಿದು ಬರುವ ಒಂದು ಭಿನ್ನತೆ.

ಕನ್ನಡದ ಮಕ್ಕಳಲ್ಲಿ ಇದು ಹೇಗೆ ತೋರುತ್ತದೆ? ನಮ್ಮ ಲಿಪಿಯನ್ನೇ ಗಮನಿಸಿ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳಾದರೂ ಕಾಗುಣಿತ, ಒತ್ತಕ್ಷರಗಳು ಕೂಡಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು. 'ಸೂರ್ಯ' ಎಂಬ ಪದವನ್ನು ಉಚ್ಚರಿಸುವಾಗ ರಕಾರ ಮೊದಲು, ಯಕಾರ ಅನಂತರ. ಬರೆಯುವಾಗ ಯಕಾರ ಮೊದಲು, ಅರ್ಕಾವತ್ತು ಅದರ ಹಿಂದೆ. ಕಿವಿ ಕೇಳಿದ ಕ್ರಮವೇ ಬೇರೆ, ಕಣ್ಣು ಕಂಡ ಕ್ರಮವೇ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷಿನ 26 ಅಕ್ಷರಗಳನ್ನು ಕಲಿಯುವುದಕ್ಕಿಂತ ಕನ್ನಡದ ಅಕ್ಷರಜ್ಞಾನ ಕೈವಶವಾಗಲು ಬಹಳ ಹೆಚ್ಚು ಕಾಲ ಬೇಕೆಂದೂ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದೂ ತೋರಿಸಿಕೊಟ್ಟಿತು. ಆದ್ದರಿಂದ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿಯಾಗಬೇಕಿಲ್ಲ. ಆದರೆ ಆರು, ಏಳನೆಯ ತರಗತಿಗೆ ಬಂದ ಮೇಲೂ ಒತ್ತುಗಳನ್ನು ಬಿಟ್ಟು ಓದುವುದು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಸದಾ ಅದಲುಬದಲು ಮಾಡುವುದು, ಸಾಲು ತಪ್ಪುವುದು, ಬಾಯಲ್ಲಿ ಸೊಗಸಾಗಿ ವಿವರಿಸಿದ್ದನ್ನೇ ಬರೆಯಲು ಹೇಳಿದಾಗ ನಾಲ್ಕು ಸಾಲಿಗೆ ನಿಂತುಬಿಡುವುದು, ಇವು ವರ್ಷದಿಂದ ವರ್ಷಕ್ಕೆ ಮುಂದುವರಿದರೆ ಪಾಲಕರು ಎಚ್ಚೆತ್ತುಕೊಳ್ಳಬೇಕು.

ಇಲ್ಲೊಂದು ವಿವೇಚನೆಯೂ ಅಗತ್ಯ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ಕೂಡಲೇ ಇಂಗ್ಲಿಷ್ ಪಠ್ಯದ ಮುಂದೆ ತತ್ತರಿಸುವ ಮಕ್ಕಳು ನಮ್ಮಲ್ಲಿ ಅನೇಕರು. ಕನ್ನಡದಲ್ಲಿ ನಿರರ್ಗಳವಾಗಿ ಓದಬಲ್ಲ ಮಗುವಿನ ಈ ಕಷ್ಟ ಭಾಷೆಯದೇ ಹೊರತು ಕಲಿಕಾ ನ್ಯೂನತೆಯಲ್ಲ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ ಎಂಬುದು ಇಂಥವರಿಗೆ ತಿಳಿದಿರಬೇಕು. ಹಾಗೆಯೇ ದೃಷ್ಟಿದೋಷ, ಶ್ರವಣದೋಷ, ನಿದ್ರೆಯ ಕೊರತೆ, ಮನೆಯ ಕಲಹ ಇವೂ ಅಂಕಗಳನ್ನು ಕೆಳಗಿಳಿಸುತ್ತವೆ. ಕಡಿಮೆ ಅಂಕ ಪಡೆದ ಪ್ರತಿಯೊಂದು ಮಗುವಿಗೂ ಒಂದು ನ್ಯೂನತೆಯ ಹೆಸರು ಹಚ್ಚುವುದು ಯಾರಿಗೂ ಹಿತವಲ್ಲ. ಆದ ಕಾರಣವೇ ಊಹೆ ಸಾಲದು, ಪರೀಕ್ಷಿಸಿ ತಿಳಿಯಬೇಕು.

ಆದರೆ ಸಾಮಾನ್ಯವಾಗಿ ನಮ್ಮ ಮನೆಗಳಲ್ಲಿ ನಡೆಯುವುದೇನು? ಮೊದಲು ಬುದ್ಧಿಮಾತು, ಆಮೇಲೆ ಗದರಿಕೆ, ಅನಂತರ ದೊಡ್ಡಪ್ಪನ ಮಗನೊಡನೆ ಹೋಲಿಕೆ. ಒಂದು ಟ್ಯೂಷನ್ ಸಾಲದೆಂದು ಎರಡನೆಯದು. ಅದೂ ಫಲಿಸದಾಗ ದೂರದ ಊರಿನ ವಸತಿ ಕೋಚಿಂಗ್, ಅದಕ್ಕಾಗಿ ಲಕ್ಷಗಟ್ಟಲೆ ಸಾಲ. ಅಲ್ಲಿಯೂ ರ‍್ಯಾಂಕ್ ಬಾರದಿದ್ದರೆ "ಇನ್ನೊಂದು ವರ್ಷ ಕೂಡಲಿ" ಎಂಬ ತೀರ್ಮಾನ. ಓದುವ ವೇಗದಲ್ಲಿಯೇ ತೊಡಕಿರುವ ಮಗುವಿಗೆ ಓದಬೇಕಾದ ಪುಟಗಳನ್ನು ಇಮ್ಮಡಿಗೊಳಿಸುವುದು, ಕುಂಟುವವನಿಗೆ ಓಡುವ ದೂರವನ್ನು ಹೆಚ್ಚಿಸಿದಂತೆ. ಹತ್ತು ಗಂಟೆ ಕುಳಿತು ಓದಿದರೂ ಮುಂದಿನವರ ಐದು ಗಂಟೆಗೆ ಸಮನಾಗದೆಂದು ಕಂಡಾಗ, ಆ ಮಗು ತನ್ನನ್ನೇ ದಡ್ಡನೆಂದು ನಂಬಲಾರಂಭಿಸುತ್ತದೆ. ಮೂಲ ತೊಡಕಿಗಿಂತ ಈ ನಂಬಿಕೆ ಮಾಡುವ ಹಾನಿಯೇ ಹೆಚ್ಚು.

ಕಾನೂನು ಈ ಮಕ್ಕಳನ್ನು ಮರೆತಿಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ ಕಲಿಕಾ ನ್ಯೂನತೆಗೆ ಸ್ಥಾನವಿರಲಿಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಗಳ ಹೊಣೆಯೆಂದು ಅದು ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದವುಗಳಿಗೆ ಅದರಲ್ಲಿ ಅವಕಾಶವಿದೆ. ನ್ಯೂನತೆಯ ಪ್ರಮಾಣ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಿತವಾದವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದ ಮೀಸಲಾತಿಯೂ ಉಂಟು. 2018ರ ಆಗಸ್ಟ್ 29ರ ಕೇಂದ್ರ ಮಾರ್ಗಸೂಚಿಯು ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಪರಿಹಾರ ಸಮಯ ನೀಡಬೇಕೆಂದಿತು. ಶೇಕಡಾ 40ಕ್ಕಿಂತ ಕಡಿಮೆ ನ್ಯೂನತೆಯಿದ್ದು ಬರೆಯಲು ಕಷ್ಟವಿರುವವರಿಗೂ 2022ರ ಆಗಸ್ಟ್ 10ರಂದು ಪ್ರತ್ಯೇಕ ಮಾರ್ಗಸೂಚಿ ಬಂದಿತು. ನಾವು ಮೇಲೆ ಊಹಿಸಿದ ಎರಡನೆಯ ವಿದ್ಯಾರ್ಥಿಗೆ ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದು ಗಂಟೆ ಹೆಚ್ಚಿಗೆ ದೊರೆತರೆ, ಅವನು 120ರ ಬದಲು 160 ಪ್ರಶ್ನೆಗಳನ್ನು ತಲುಪುತ್ತಾನೆ.

ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. 2021ರ ನೀಟ್ ಪರೀಕ್ಷೆಯಲ್ಲಿ ಡಿಸ್ಗ್ರಾಫಿಯಾ ಇದ್ದ ಅಭ್ಯರ್ಥಿನಿಯೊಬ್ಬಳಿಗೆ ನ್ಯಾಯವಾಗಿ ದೊರೆಯಬೇಕಿದ್ದ ಆ ಒಂದು ಗಂಟೆಯನ್ನು ಪರೀಕ್ಷಾ ಕೇಂದ್ರ ಕೊಡಲಿಲ್ಲ. ಆಕೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಳು. ಅದೇ ವರ್ಷದ ನವೆಂಬರ್ 23ರಂದು ತೀರ್ಪಿತ್ತ ನ್ಯಾಯಾಲಯವು ಮರುಪರೀಕ್ಷೆಗೆ ಒಪ್ಪದಿದ್ದರೂ, ಆಕೆಗಾದ ಅನ್ಯಾಯವನ್ನು ಸರಿಪಡಿಸುವ ದಾರಿಯನ್ನು ಒಂದು ವಾರದೊಳಗೆ ಪರಿಶೀಲಿಸುವಂತೆ ಪರೀಕ್ಷಾ ಸಂಸ್ಥೆಗೆ ಆದೇಶಿಸಿತು. ಕಾಗದಪತ್ರಗಳನ್ನು ಮೊದಲೇ ಸಿದ್ಧಪಡಿಸಿ, ಅರ್ಜಿ ತುಂಬುವಾಗಲೇ ಸೌಲಭ್ಯವನ್ನು ಕೋರಿ, ಪರೀಕ್ಷೆಯ ದಿನ ಪ್ರಮಾಣಪತ್ರವನ್ನು ಕೈಯಲ್ಲಿಟ್ಟುಕೊಂಡು, ಅಗತ್ಯ ಬಿದ್ದರೆ ಅಲ್ಲಿಯೇ ಬಾಯಿಬಿಟ್ಟು ಕೇಳಬೇಕು ಎಂಬುದು ಈ ಪ್ರಕರಣದಿಂದ ಪಾಲಕರು ಕಲಿಯಬೇಕಾದ ಪಾಠ.

ಪ್ರಮಾಣಪತ್ರ! ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುವುದು ಇಲ್ಲಿಯೇ. ಕೋಚಿಂಗಿಗೆ ಲಕ್ಷ ರೂಪಾಯಿ ಕಟ್ಟಲು ಹಿಂಜರಿಯದ ತಂದೆ ಈ ಒಂದು ಹಾಳೆಗೆ ಹಿಂಜರಿಯುತ್ತಾನೆ. "ಅಂಗವಿಕಲ ಎಂಬ ಮುದ್ರೆ ಬಿದ್ದರೆ ನಾಳೆ ಹೆಣ್ಣು ಯಾರು ಕೊಡುತ್ತಾರೆ? ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ? ಬೀಗರಿಗೆ ಗೊತ್ತಾದರೆ ಏನೆಂದಾರು?" ಎಂಬ ಅಳುಕು ತಾಯಿಯನ್ನು ಕಾಡುತ್ತದೆ. ಈ ಅಳುಕನ್ನು ಹಗುರವಾಗಿ ತಳ್ಳಿಹಾಕಲಾಗದು, ಏಕೆಂದರೆ ಆಡಿಕೊಳ್ಳುವ ಬಾಯಿಗಳು ನಮ್ಮ ನಡುವೆಯೇ ಇವೆ. ಆದರೆ ತೂಗಿ ನೋಡಿ. ಮುಚ್ಚಿಟ್ಟರೆ ಭಿನ್ನತೆ ಮಾಯವಾಗುವುದಿಲ್ಲ. ಮಾಯವಾಗುವುದು ಅದಕ್ಕೆ ದೊರೆಯಬಹುದಾಗಿದ್ದ ನೆರವು ಮಾತ್ರ. 'ಓದಿನಲ್ಲಿ ತೊಡಕಿದೆ' ಎಂಬ ಮಾತು ಹೊರಬೀಳಬಾರದೆಂದು ನಾವು ಬಚ್ಚಿಟ್ಟಾಗ, ಅದರ ಜಾಗದಲ್ಲಿ 'ದಡ್ಡ', 'ಸೋಮಾರಿ' ಎಂಬ ಮುದ್ರೆಗಳನ್ನು ನಾವೇ ಒತ್ತಿರುತ್ತೇವೆ. ವೈದ್ಯರ ಮುದ್ರೆಯ ಜೊತೆಗೆ ದಾರಿಯೂ ಬರುತ್ತದೆ. ಮನೆಯವರ ಮುದ್ರೆಯ ಜೊತೆಗೆ ಬರುವುದು ಕಣ್ಣೀರು ಮಾತ್ರ.

"ಒಬ್ಬನಿಗೆ ಹೆಚ್ಚು ಸಮಯ ಕೊಟ್ಟರೆ ಉಳಿದ ಮಕ್ಕಳಿಗೆ ಅನ್ಯಾಯವಲ್ಲವೇ?" ಎಂದು ಕೇಳುವವರೂ ಇದ್ದಾರೆ. ಪ್ರಾಮಾಣಿಕವಾದ ಪ್ರಶ್ನೆಯೇ. ಕನ್ನಡಕ ಹಾಕಿಕೊಂಡು ಪರೀಕ್ಷೆಗೆ ಕುಳಿತವನನ್ನು ನಾವು ಆಕ್ಷೇಪಿಸುವುದಿಲ್ಲ, ಏಕೆಂದರೆ ಕನ್ನಡಕ ಉತ್ತರವನ್ನು ಹೇಳಿಕೊಡುವುದಿಲ್ಲ, ಪ್ರಶ್ನೆಯನ್ನು ಕಾಣಿಸುತ್ತದೆ ಅಷ್ಟೇ. ಪರಿಹಾರ ಸಮಯವೂ ಹಾಗೆಯೇ. ಆದರೆ ಕಣ್ಣು ಚೆನ್ನಾಗಿರುವವನು ಕನ್ನಡಕದ ಬೆಲೆಗೆ ಆಸೆಪಡಬಾರದು. ನ್ಯೂನತೆಯಿಲ್ಲದ ಮಗುವಿಗೆ ಸುಳ್ಳು ಪ್ರಮಾಣಪತ್ರ ಮಾಡಿಸುವ ದುರಾಸೆ, ನಿಜವಾಗಿ ಕಷ್ಟಪಡುವ ಮಗುವಿನ ಕೈಯಿಂದ ಅನ್ನ ಕಿತ್ತುಕೊಂಡಂತೆ.

ತಪಾಸಣೆಗೆ ಎಲ್ಲಿಗೆ ಹೋಗಬೇಕು? ಮೊದಲು ಕಣ್ಣು, ಕಿವಿಗಳ ಪರೀಕ್ಷೆ. ಅನಂತರ ಚಿಕಿತ್ಸಾ ಮನೋವಿಜ್ಞಾನಿಗಳ ಬಳಿ ಕಲಿಕೆಯ ಮೌಲ್ಯಮಾಪನ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವು ನಮ್ಮ ರಾಜ್ಯದಲ್ಲಿಯೇ ಇರುವ ಸಾರ್ವಜನಿಕ ಸಂಸ್ಥೆಗಳು. 2018ರ ಜನವರಿಯ ಕೇಂದ್ರ ಅಧಿಸೂಚನೆಯು ದೇಶಕ್ಕೆಲ್ಲ ಅನ್ವಯಿಸಿದ್ದು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನೇ ಎಂಬುದು ಕನ್ನಡಿಗರು ಅಭಿಮಾನ ಪಡಬೇಕಾದ ಸಂಗತಿ. ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14 ಮತ್ತು 18ನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಎಂದು ಆ ಅಧಿಸೂಚನೆ ಹೇಳಿತ್ತು. 2024ರ ಮಾರ್ಚ್‌ನಲ್ಲಿ ನಿಯಮಗಳು ಪರಿಷ್ಕೃತವಾಗಿರುವುದರಿಂದ ಇಂದಿನ ಕ್ರಮವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳಿತು. ಮುಖ್ಯವಾದ ಮಾತೆಂದರೆ, ಇದನ್ನೆಲ್ಲ ದ್ವಿತೀಯ ಪಿಯುಸಿಯ ಮಾರ್ಚ್ ತಿಂಗಳಿಗೆ ಉಳಿಸಿಕೊಳ್ಳಬೇಡಿ. ಧ್ವನಿ ಮತ್ತು ಅಕ್ಷರಗಳನ್ನು ಒಂದೊಂದಾಗಿ ಬೆಸೆದು ಕಲಿಸುವ ವಿಶೇಷ ಬೋಧನೆ ಎಳೆಯ ವಯಸ್ಸಿನಲ್ಲಿ ಎಷ್ಟು ಫಲ ಕೊಡುತ್ತದೆಯೋ ತಡವಾದಷ್ಟೂ ಅಷ್ಟು ಶ್ರಮ ಬೇಡುತ್ತದೆ. ಇದನ್ನು ಗುಣಪಡಿಸುವ ಮಾತ್ರೆಯಿಲ್ಲ. ಅಂಥದಿದೆ ಎಂದು ಮಾರುವವರನ್ನು ನಂಬಬೇಡಿ.

ನ್ಯೂನತೆಯಿದೆಯೆಂದು ತಿಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. 2007ರಲ್ಲಿ ತೆರೆಕಂಡ 'ತಾರೆ ಜಮೀನ್ ಪರ್' ಹಿಂದಿ ಚಿತ್ರವನ್ನು ನೋಡಿ, ತಮ್ಮ ಮಗುವಿನಲ್ಲಿಯೂ ಅಡಗಿದ ಮಹಾಪ್ರತಿಭೆಯೊಂದು ಇದ್ದೇ ಇರಬೇಕೆಂದು ಹುಡುಕತೊಡಗುತ್ತಾರೆ. ಅಮೆರಿಕದ ಜೀವವಿಜ್ಞಾನಿ ಕ್ಯಾರಲ್ ಗ್ರೈಡರ್ ಡಿಸ್ಲೆಕ್ಸಿಯಾ ಇದ್ದವರು. ಪ್ರವೇಶ ಪರೀಕ್ಷೆಯ ಅಂಕಗಳು ಕಡಿಮೆಯಾದ ಕಾರಣ ಅವರನ್ನು ಹೆಚ್ಚಿನ ವಿಶ್ವವಿದ್ಯಾಲಯಗಳು ತಿರಸ್ಕರಿಸಿದವು. ಅಂಕವನ್ನು ಬದಿಗಿಟ್ಟು ಅವರ ಪ್ರಯೋಗಶಾಲೆಯ ಕೆಲಸವನ್ನು ನೋಡಿ ಕರೆದವರ ಬಳಿಗೆ ಹೋಗಿ, 1984ರಲ್ಲಿ ಟೆಲೊಮರೇಸ್ ಎಂಬ ಕಿಣ್ವವನ್ನು ಕಂಡುಹಿಡಿದು, 2009ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಅಂಕವೊಂದೇ ಯೋಗ್ಯತೆಯ ಅಳತೆಯಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ನಿಮ್ಮ ಮಗು ನೊಬೆಲ್ ಗೆಲ್ಲಬೇಕೆಂದು ಇದರ ಅರ್ಥವಲ್ಲ. ಅದು ಹಳೆಯ ಹೊರೆಯನ್ನು ಇಳಿಸಿ ಹೊಸ ಹೊರೆ ಹೇರಿದಂತೆ. ಸಾಧಾರಣವಾದ, ನೆಮ್ಮದಿಯ, ಸ್ವಾವಲಂಬಿ ಬದುಕಿಗೂ ಮಗುವಿಗೆ ಪೂರ್ಣ ಹಕ್ಕಿದೆ.

ದಾರಿಗಳೂ ನಾವಂದುಕೊಂಡಷ್ಟು ಕಿರಿದಾಗಿಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿತು. 1989ರಲ್ಲಿ ಸ್ಥಾಪಿತವಾದ, ಇಂದು ಎನ್‌ಐಒಎಸ್ ಎನಿಸಿಕೊಂಡಿರುವ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಐದು ವರ್ಷಗಳ ಅವಧಿಯಲ್ಲಿ ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು. ಹತ್ತನೆಯ ತರಗತಿಯ ನಂತರ ಡಿಪ್ಲೊಮಾ ಸೇರಿ, ಕೈಕೆಲಸದಿಂದ ಕಲಿತು, ಡಿಸಿಇಟಿ ಮೂಲಕ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯುವವರುಂಟು. ವೈದ್ಯಕೀಯವನ್ನೇ ಬಯಸುವ ಮಗುವಿದ್ದರೆ, ನ್ಯೂನತೆಯ ಶೇಕಡಾ ಪ್ರಮಾಣವೊಂದನ್ನೇ ಮುಂದುಮಾಡಿ ಪ್ರವೇಶ ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರ್ 15ರಂದು ಹೇಳಿದೆ. ಯಾವ ದಾರಿ ಎಂಬುದನ್ನು ಮಗುವಿನೊಡನೆ ಕುಳಿತು ನಿರ್ಧರಿಸಿ. ಮಗುವಿನ ಪರವಾಗಿ, ಮಗುವಿಲ್ಲದೆ ನಿರ್ಧರಿಸಬೇಡಿ.

ಬಂಧುಗಳೇ, ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಪ್ರತಿಯೊಂದು ಸಾವಿಗೂ ಕಾರಣಗಳು ಹಲವು. ಆದರೆ ಫಲಿತಾಂಶದ ದಿನಗಳಲ್ಲಿ ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ತಾನಿದ್ದು ಪ್ರಯೋಜನವಿಲ್ಲವೆಂಬ ಮಾತಾಡಿದರೆ, ಅದನ್ನು ನಾಟಕವೆಂದು ತಿಳಿಯಬೇಡಿ. ಒಬ್ಬಂಟಿಯಾಗಿ ಬಿಡಬೇಡಿ, ಕೂಡಿಸಿಕೊಂಡು ಕೇಳಿ. ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದು ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಕೊನೆಯದಾಗಿ, ಮನೆಯ ಹಿರಿಯರಲ್ಲಿ ಮತ್ತು ನೆಂಟರಿಷ್ಟರಲ್ಲಿ ಒಂದು ವಿನಂತಿ. ಈ ವರ್ಷ ಯಾವ ಮಗುವನ್ನೂ "ಎಷ್ಟು ಬಂತು?" ಎಂದು ಕೇಳಬೇಡಿ. "ಯಾವ ವಿಷಯ ನಿನಗೆ ಇಷ್ಟವಾಯಿತು, ಯಾವುದು ಕಷ್ಟವಾಯಿತು?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ತಾಳ್ಮೆಯಿಂದ ಆಲಿಸಿ. ತಂದೆ-ತಾಯಂದಿರು ವಾರಕ್ಕೊಮ್ಮೆಯಾದರೂ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ. ಎಡವಿದಲ್ಲಿ ಗದರಬೇಡಿ, ಎಲ್ಲಿ ಎಡವುತ್ತದೆಂದು ಗುರುತು ಹಾಕಿಕೊಳ್ಳಿ. ಆ ಗುರುತುಗಳನ್ನು ಮೊದಲು ಶಿಕ್ಷಕರಿಗೆ, ಬೇಕಾದರೆ ವೈದ್ಯರಿಗೆ ತೋರಿಸಿ. ಮಗುವಿನಿಂದ ನಿರೀಕ್ಷಿಸುವ ಮೊದಲು ಮಗುವನ್ನು ಅರಿಯುವುದು ಪಾಲಕರ ಪಾಲಿನ ಪರೀಕ್ಷೆ. ಅದರಲ್ಲಿ ನಾವು ತೇರ್ಗಡೆಯಾದರೆ, ಮಕ್ಕಳು ತಮ್ಮ ತಮ್ಮ ಶಕ್ತಿಗೆ ತಕ್ಕ ದಾರಿಯನ್ನು ಕಂಡುಕೊಳ್ಳುತ್ತಾರೆ.